ಬನ ಕಡಿದ ಕಟ್ಟೆಯ ಮುಂದೆ

೨೦೦೪ರ ಏಪ್ರಿಲ್, ನಡುಮಧ್ಯಾಹ್ನ. ಬಾರ್ಕೂರಿನಲ್ಲಿ ಅಕ್ಕನ ಗಂಡನ ಮನೆಯ ನಾಗಬನದಲ್ಲಿ, ಹೊಸ ಸಿಮೆಂಟು ಕಟ್ಟೆಯ ಪಡುಬದಿಗೆ ನಾನು ನಿಂತಿದ್ದೆ. ಬನ ಎಂದೆ, ಮರ ಒಂದೂ ಇರಲಿಲ್ಲ. ತರಗೆಲೆ ಬಿದ್ದು ಗಲೀಜಾಗುತ್ತದೆಂದು ಬಾವ ಎಲ್ಲವನ್ನೂ ಕಡಿಸಿದ್ದರು.

ಕಟ್ಟೆಯೆದುರು ಅಕ್ಕನ ಮಗಳು ಒದ್ದೆ ಬಟ್ಟೆಯಲ್ಲಿ ಕುಳಿತಿದ್ದಳು. ಆರು ವರ್ಷ. ಮುಖ, ತೋಳುಗಳ ತುಂಬ ಕರಿಚುಕ್ಕೆ. ಬಿಸಿಲೇ ಇವಳಿಗೆ ವಿಷ ಎಂದು ಡಾಕ್ಟರು ಹೇಳಿದ್ದರು. ಬಾವನಿಗೆ ಅದು ನಾಗದೋಷ. ಪೂಜೆ ಮುಗಿಯುವವರೆಗೆ ಮಗು ಏಳುವಂತಿಲ್ಲ.

ಆ ಕಾಯಿಲೆಯನ್ನು ನಾನು ಮೊದಲು ಕಂಡದ್ದು, ಎಂ.ಎಸ್ಸಿ. ಓದುವಾಗ, ಕಳ್ಳನ್ನು ಹುಳಿ ಬರಿಸುವ ಯೀಸ್ಟಿನಲ್ಲಿ. ಬಿಸಿಲು ಡಿಎನ್‌ಎಗೆ ಮಾಡುವ ಗಾಯವನ್ನು ರಿಪೇರಿ ಮಾಡುವ ಜೀನು ಕೆಟ್ಟಿದ್ದ ಯೀಸ್ಟ್ ಅದು. ಗಾಜಿನ ತಟ್ಟೆಯಲ್ಲಿ ಹರಡಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ನೇರಳಾತೀತ ದೀಪದಡಿ ಇಡುತ್ತಿದ್ದೆವು. ಮುಚ್ಚಿದ ಅರ್ಧದಲ್ಲಿ ಕೆನೆಗಟ್ಟಿದ ಹಾಗೆ ಬೆಳೆಯುತ್ತಿತ್ತು. ತೆರೆದ ಅರ್ಧ ಬೋಳು. ಅದೇ ಜೀನು, ಹೆಚ್ಚು ಬದಲಾಗದೆ, ಇಲಿಯಲ್ಲಿದೆ, ನಮ್ಮಲ್ಲಿದೆ. ಯೀಸ್ಟೂ ನಾವೂ ಕವಲೊಡೆದು ಎಷ್ಟೋ ಯುಗ ಕಳೆದರೂ ಅದು ಉಳಿದುಬಂದದ್ದು, ಅದಿಲ್ಲದ ಜೀವ ಬಿಸಿಲಿನಲ್ಲಿ ಉಳಿಯದ್ದರಿಂದ. ಈ ಮಗುವಿನಲ್ಲಿ ಕೆಟ್ಟಿದ್ದೂ ಅದೇ ಜೀನು.

ಇಷ್ಟನ್ನೂ ಬಾವನಿಗೆ ಹೇಳಿದೆ. ನನ್ನನ್ನೂ ಬಾವ ಎಂದೇ ಕರೆಯುವ ಅವರು ಕೇಳಿದರು:

"ಹ್ವಾಯ್ ಬಾವ, ಕಳ್ಳ್ ಹುಳಿ ಬರ್ಸು ಹುಳಕ್ಕೂ ನನ್ ಮಗಳಿಗೂ ಎಂತ ನೆಂಟಸ್ತಿಕೆ ಮರಾಯ್ರೆ? ಅದ್ರ್ ಮನಿಂದ ಹೆಣ್ ತಂದದ್ದಾ ನಾವ್?"

ನೆರೆದವರು ನಕ್ಕರು. ನಾನು ಕೊಡೆ ಬಿಡಿಸಿ ಮಗುವಿನ ಬಳಿ ಹೋದೆ. ಬಾವನ ತಾಯಿ ಕಸಿದುಕೊಂಡರು.

"ನಾಗನೆದ್ರ್ ಕೊಡಿ ಬಿಡ್ಸೂಕಾಗ. ಅಷ್ಟೂ ಗೊತ್ತಿಲ್ಯಾ ನಿಮ್ಗೆ?"

"ಮಗು ಸುಟ್ಟು ಹೋಗ್ತದೆ!" ಎಂದು ಕಿರುಚಿದೆ. ಇಬ್ಬರು ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದರು.

"ಮಾಮ, ಉರಿತ್ತ್," ಎಂದಿತು ಮಗು. ಸಂಜೆಗೆ ಮುಖವೆಲ್ಲ ಬೊಕ್ಕೆ, ಕಣ್ಣು ತೆರೆಯಲಾಗಲಿಲ್ಲ.

ನಾಗ ಬಿಸಿಲು ಕೇಳಿರಲಿಲ್ಲ. ಮರ ಕಡಿಯಿರಿ ಎಂದಿರಲಿಲ್ಲ. ಹಿರಿಯರು ಕತ್ತಿ ತಾಗಿಸದೆ ಅವನಿಗಾಗಿ ಕಾಯ್ದಿಟ್ಟ ಕತ್ತಲೆಯಲ್ಲಿ ಈ ಮಗು ದಿನವಿಡೀ ಕೂರಬಹುದಿತ್ತು. ದೇವರ ಹೆಸರಲ್ಲಿ ದೇವರ ನೆರಳನ್ನೇ ಕಡಿದವರು ನನಗೆ ಶಾಸ್ತ್ರ ಕಲಿಸಿದರು.

ಮುಂದೆ ಕಣ್ಣಂಚಿನ ಚುಕ್ಕೆಯೊಂದು ಗಡ್ಡೆಯಾಯಿತು. ಹತ್ತು ತುಂಬುವ ಮೊದಲೇ ಹೋದಳು. ಅದೊಂದು ಮಧ್ಯಾಹ್ನವೇ ಕೊಂದಿತು ಎನ್ನಲಾರೆ. ಮುಚ್ಚಿಡಬೇಕಾದವಳನ್ನು ತೆರೆದಿಟ್ಟರು, ಅದನ್ನು ಕಂಡೆ.

ಕಂಡವರಲ್ಲಿ ಇನ್ನೂ ಇರುವವರು: ಕೊಡೆ ಕಸಿದ ಬಾವನ ತಾಯಿ. ಇಂದಿಗೂ ಆ ಕಟ್ಟೆಗೆ ವರ್ಷವರ್ಷ ಬಣ್ಣ ಬಳಿಸುವ ಬಾವ. ಮತ್ತೆ ಅಕ್ಕ. ತನ್ನ ನೆರಳಾದರೂ ಮಗುವಿನ ಮೇಲೆ ಬೀಳಲೆಂದು ಅವಳು ಪಕ್ಕದಲ್ಲೇ ನಿಂತಿದ್ದಳು. ಆ ಹೊತ್ತಿನಲ್ಲಿ ನೆರಳು ಅವಳ ಕಾಲಬುಡ ದಾಟಲಿಲ್ಲ.