ಹಕ್ಕಿ ಬಿತ್ತಿದ ಮೆಣಸು

ಇಡುಕ್ಕಿಯ ಆ ಗುಡ್ಡದಲ್ಲಿ ತ್ರೇಸ್ಯಾಳ ಮನೆ ಕೇಳಿದರೆ ಮೊದಲು ಹಲಸಿನ ಮರ ತೋರಿಸುತ್ತಾರೆ. ಹದಿನೈದು ವರ್ಷದ ಹಿಂದೆ ಅದರ ಬುಡದಲ್ಲಿ, ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಒಂದು ಕಾಳುಮೆಣಸಿನ ಸಸಿ ಎದ್ದಿತ್ತು. ಬೀಜದ ಬಳ್ಳಿಯನ್ನು ಅಲ್ಲಿ ಯಾರೂ ಸಾಕುವುದಿಲ್ಲ. ಅದಕ್ಕೆ ತಾಯಿಬಳ್ಳಿಯ ಗುಣ ಬರುವ ಭರವಸೆಯಿಲ್ಲ, ಗಂಡಾದರಂತೂ ಕಾಯೇ ಕಟ್ಟುವುದಿಲ್ಲ.

"ಕಿತ್ತೆಸೆಯೇ ಅದನ್ನ, ಮರಕ್ಕೆ ದಂಡ" ಎಂದ ಗಂಡ ವರ್ಕಿ. ಅವನು ಜೀಪು ಓಡಿಸುವವನು.

"ನಿಮ್ ಜೀಪು ನೋಡ್ಕೊಳ್ಳಿ ಮನುಷ್ಯಾ, ನನ್ ಗಿಡದ ಸುದ್ದಿಗೆ ಬರ್ಬೇಡಿ" ಎಂದಳು ತ್ರೇಸ್ಯಾ.

ಆರು ವರ್ಷ ಊರೆಲ್ಲ ನಕ್ಕಿತು. ಏಳನೆಯ ವರ್ಷ ಬಳ್ಳಿ ಗೇಣುದ್ದದ ಗೊಂಚಲು ಬಿಟ್ಟಿತು. ಮರುವರ್ಷ ಸೊರಗು ರೋಗ ಬಂದು ಗುಡ್ಡದ ಬಳ್ಳಿಗಳೆಲ್ಲ ಕರ್ರಗಾಗಿ ಜೋತುಬಿದ್ದವು, ಇದೊಂದು ಮಾತ್ರ ಹಸಿರಾಗಿ ನಿಂತಿತು. ಆಹಾ, ಆಮೇಲೆ ನೋಡಬೇಕಿತ್ತು! ನಕ್ಕವರೇ ಸಸಿ ಕೇಳಿಕೊಂಡು ಅಂಗಳಕ್ಕೆ ಬಂದರು.

ತ್ರೇಸ್ಯಾ ಬಳ್ಳಿಯ ತುಂಡುಗಳಿಗೆ ಬೇರು ಬರಿಸಿದಳು. ವರ್ಕಿ ಜೀಪಿನಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸಿದ. ತಂದುಕೊಟ್ಟವನ ಹೆಸರೇ ಜನರ ಬಾಯಲ್ಲಿ ನಿಂತು, ಅದು 'ವರ್ಕಿ ಬಳ್ಳಿ' ಆಗಿಹೋಯಿತು. ಪುಣ್ಯಾತ್ಮ ಬೇಡವೆನ್ನಲಿಲ್ಲ, ಮೀಸೆ ತಿರುವಿದ. ತ್ರೇಸ್ಯಾಳ ಹೊಟ್ಟೆ ಉರಿಯಿತು. ಉರಿಯದೆ ಇರುತ್ತದೆಯೇ?

ಈ ವರ್ಷ ತಳಿ ನೋಂದಾಯಿಸಲು ಕೃಷಿ ಕಚೇರಿಯಿಂದ ಮೇಡಂ ಒಬ್ಬರು ಬಂದರು. ತಳಿ ಬೆಳೆಸಿದವರು ಇವರೇ ಎಂದು ಕಾಗದದಲ್ಲಿ ಒಮ್ಮೆ ಬರೆದ ಹೆಸರು ಕಾಯಂ.

"ವರ್ಕಿ ಅಂತ ಬರ್ಕೊಳ್ಳಿ ಮೇಡಂ" ಎಂದುಬಿಟ್ಟ ನೆರೆಯ ಔಸೇಪ್.

ಮೇಡಂ ವರ್ಕಿಯತ್ತ ತಿರುಗಿದರು. "ಮೊದಲ್ನೇ ಸಲ ಎಷ್ಟು ತುಂಡು ನೆಟ್ರಿ? ಎಷ್ಟು ಉಳೀತು?"

ವರ್ಕಿ ತಲೆ ಕೆರೆದುಕೊಂಡ. "ಎಲ್ಲಾ ಉಳೀತು. ಕೈಗುಣ ನೋಡಿ!"

ತ್ರೇಸ್ಯಾಳಿಗೆ ತಡೆಯಲಾಗಲಿಲ್ಲ. "ಸುಳ್ಳು ಯಾಕೆ ಹೇಳ್ತೀರಿ ಮನುಷ್ಯಾ? ನಲವತ್ತು ನೆಟ್ಟಿದ್ದೆ, ನೀರು ಜಾಸ್ತಿಯಾಗಿ ಮೂವತ್ತೇಳು ಕೊಳೀತು. ಮರುವರ್ಷ ಬುಡದಿಂದ ಹಬ್ಬೋ ಕುಡೀನ ನೆಲಕ್ಕೆ ತಾಗದ ಹಾಗೆ ಕೋಲಿಗೆ ಸುತ್ತಿಟ್ಟೆ. ಬೇಸಿಗೆ ಶುರುವಾಗೋ ಕುಂಭ ಮಾಸದಲ್ಲಿ ಮೂರು ಗಿಣ್ಣಿಗೊಂದು ತುಂಡು ಮಾಡಿ, ಮರಳು ಜಾಸ್ತಿ ಹಾಕಿ ನೆಟ್ಟೆ. ಅರ್ಧ ಉಳೀತು. ಮೂರನೇ ವರ್ಷ ಒಂದೂ ಸಾಯ್ಲಿಲ್ಲ. ಸತ್ತಿದ್ದನ್ನೆಲ್ಲ ಎತ್ತಿ ಎಸೆದಿದ್ದು ಇದೇ ಕೈ. ಆಗ ಇವರೆಲ್ಲಿದ್ರು ಕೇಳಿ!"

ಮೇಡಂ ಅವಳ ಕಡೆ ತಿರುಗಿ, "ನಿಮ್ ಹೆಸರು ಹೇಳಿ" ಎಂದರು.

"ತ್ರೇಸ್ಯಾ. ವರ್ಕಿ ಹೆಂಡ್ತಿ ಅಂತ ಬೇಡ. ಬರೀ ತ್ರೇಸ್ಯಾ."

ಹೇಳುವಾಗ ಅವಳ ತಲೆ ತಗ್ಗಲಿಲ್ಲ. ವರ್ಕಿಯ ಮುಖ ಸಣ್ಣದಾಯಿತು. ಅವತ್ತು ಮರಗೆಣಸು, ಮೀನುಸಾರು ಬಡಿಸಿದರೂ ಅರ್ಧಕ್ಕೇ ಕೈ ತೊಳೆದ.

ಮರುದಿನ ಚಹಾದಂಗಡಿಯಲ್ಲಿ ಔಸೇಪ್ ಬೇಕೆಂದೇ ಕೆಣಕಿದ. "ಏನೋ ವರ್ಕಿ, ನಿನ್ ಬಳ್ಳಿದು ಹತ್ತು ಸಸಿ ಬೇಕಿತ್ತಲ್ಲ?"

ಅಂಗಡಿಯೆಲ್ಲ ಕಿವಿ ನಿಮಿರಿಸಿತು. ವರ್ಕಿ ಲೋಟ ಕೆಳಗಿಟ್ಟ.

"ನಂದಲ್ಲ ಕಣೋ, ತ್ರೇಸ್ಯಾಂದು. ಮನೆಗೆ ಹೋಗಿ ಅವಳನ್ನೇ ಕೇಳು. ಮರ್ಯಾದೆಯಿಂದ ಕೇಳು, ಇಲ್ಲಾಂದ್ರೆ ಕೊಡೋಳಲ್ಲ ಅವಳು."