ಹಾಪ್ಸ್ ಕಟ್ಟಿಕೊಂಡ ಪೀಪಾಯಿ

ಮೊನ್ನೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿರುವ ಮಗನ ಮನೆಗೆ ಹೋದಾಗ ಗರಾಜಿನಿಂದ ಒಂದು ಕಹಿ ಘಮ ತೇಲಿ ಬಂತು. ಹಾಪ್ಸ್! ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಆ ಹಸಿರು ಹೂವಿನ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ; ನನಗೆ ಮಾತ್ರ ಮೆಲ್ಬರ್ನಿನ ಹಳೆಯ ಹಿತ್ತಲೇ ಕಣ್ಮುಂದೆ ಬಂದು ನಿಂತಿತು.

ತೊಂಬತ್ತರ ದಶಕದ ಆರಂಭ. ಸಂಪ್ರದಾಯಸ್ಥರ ಮನೆಯ ಸೊಸೆಯಾದ ನಾನು ಪಕ್ಕದ ಮನೆಯ ಬೆವ್ ಜೊತೆ ಸೇರಿ ಬಿಯರ್ ಮಾಡುತ್ತಿದ್ದೆ. ಕುಡಿಯುತ್ತಿದ್ದದ್ದು ಅರ್ಧ ಲೋಟ, ಕೊಚ್ಚಿಕೊಳ್ಳುತ್ತಿದ್ದದ್ದು ಇಡೀ ಸಬರ್ಬಿಗೆ ಕೇಳುವಷ್ಟು. ಬೆವ್‌ಳ ಗಂಡನ ನಲವತ್ತನೆಯ ಹುಟ್ಟುಹಬ್ಬಕ್ಕೆ ಬಿಯರ್ ನಮ್ಮದೇ ಎಂದು ಬೀದಿಗೆಲ್ಲ ಸಾರಿದ್ದೆವು. ಅದೇ ಹೊತ್ತಿಗೆ ಮೈಸೂರಿನಿಂದ ಮಾವ ಬಂದಿಳಿದರು. ವಾಟರ್ ವರ್ಕ್ಸ್‌ನಲ್ಲಿ ಎಂಜಿನಿಯರಾಗಿ ನಿವೃತ್ತರಾದವರು, ಈರುಳ್ಳಿಯನ್ನೂ ಮುಟ್ಟದವರು. ಪೀಪಾಯಿ ಹೇಗೂ ಬೆವ್ ಮನೆಯಲ್ಲಿತ್ತು. ನಾನು ಬಾಯಿ ಬಿಡಲಿಲ್ಲ.

ಘಮ ಹೆಚ್ಚಲಿ ಎಂಬ ಆಸೆಗೆ ಬೆವ್ ಹಿಡಿಹಿಡಿ ಹಾಪ್ಸನ್ನು ನೇರ ಪೀಪಾಯಿಗೇ ಸುರಿದಿದ್ದಳು. ಪಾರ್ಟಿಯ ಮಧ್ಯಾಹ್ನ, ಬಿಯರನ್ನು ಹೊರಕ್ಕೆ ತಳ್ಳುವ ಗ್ಯಾಸ್ ಸಿಲಿಂಡರ್ ಜೋಡಿಸಿ ನಲ್ಲಿ ತಿರುಗಿಸಿದರೆ ಪುಸ್ಸೆಂದು ಒಂದು ಸೀನು, ನಾಲ್ಕು ಹನಿ, ಒಂದಿಷ್ಟು ಹಸಿರು ಚೂರು, ಅಷ್ಟೇ. ಬಿಸಿಲಲ್ಲಿ ಗ್ಲಾಸು ಹಿಡಿದು ನಿಂತವರ ಸಾಲು ಬೇರೆ!

"ಮುಚ್ಚಳ ತೆಗೆದು ಸೌಟಲ್ಲಿ ಹಂಚೋಣ್ವಾ?" ಎಂದಳು ಬೆವ್, ಅಳುಮುಖ ಮಾಡಿ.

ಬೇಲಿಯಾಚೆಯಿಂದ ದನಿ ಬಂತು. "ಏನಮ್ಮಾ, ಏನ್ ಕಟ್ಕೊಂಡಿದೆ?"

ಮಾವ! ನಾನು ಪೀಪಾಯಿಗೆ ಅಡ್ಡ ನಿಂತೆ. "ಇದು... ಬಿಯರು, ಮಾವ. ನಾವೇ ಮಾಡಿದ್ದು."

ಅವರು ಗೇಟು ದಾಟಿ ಬಂದು, ಪಂಚೆ ಎತ್ತಿ ಕಟ್ಟಿ, ಬಗ್ಗಿ ನೋಡಿದರು. "ಅದ್ಯಾವ್ದೋ ಇರ್ಲಿ. ಒಳಗಿನ ಪೈಪು ತಳದಿಂದ ಎಳೆಯುತ್ತಾ? ಹಾಗಾದ್ರೆ ಕಸ ಅದರ ಬಾಯಿಗೇ ಕೂತಿದೆ. ವಾಟರ್ ವರ್ಕ್ಸ್‌ನಲ್ಲಿ ನೀರು ಸೋಸೋ ಫಿಲ್ಟರ್ ಬೆಡ್ ಕಟ್ಕೊಂಡ್ರೆ ನೀರನ್ನ ಹಿಂದಿನಿಂದ ನುಗ್ಗಿಸ್ತಿದ್ವಿ. ಮೊದ್ಲು ಪ್ರೆಶರ್ ಬಿಡು. ಆಮೇಲೆ ಬಿಯರ್ ಬರೋ ದಾರೀಲೇ ಗ್ಯಾಸ್ ಒಳಗೆ ಹೊಡಿ!"

ಹೊಡೆದೆವು. ಗುಡುಗುಡು ಸದ್ದಾಯಿತು. ಕಸ ತಳಕ್ಕಿಳಿಯುವವರೆಗೂ ಮಾವ ಯಾರನ್ನೂ ನಲ್ಲಿಯ ಹತ್ತಿರ ಬಿಡಲಿಲ್ಲ. ಮೊದಲು ಬಂದದ್ದು ಹಸಿರು ಗೊಜ್ಜು, ಚೆಲ್ಲಿದೆವು. ಆಮೇಲೆ ಬಂತು ನೋಡಿ, ಹೊಂಬಣ್ಣದ ಬಿಯರು, ಮೇಲೆ ಬೆಳ್ನೊರೆ! ಹಿತ್ತಲಿಗೆ ಹಿತ್ತಲೇ ಹೋ ಎಂದಿತು. ಮಾವ ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ. ಗ್ಲಾಸನ್ನು ಬಿಸಿಲಿಗೆ ಹಿಡಿದು, "ಏನ್ ಕಲರ್ ಕಣಮ್ಮಾ! ಮುಂದಿನ ಸಲ ಹೂವನ್ನ ತೆಳು ಬಟ್ಟೇಲಿ ಕಟ್ಟಿ ಬಿಡು," ಎಂದರು. ನಾನು ಹೆದರುತ್ತಿದ್ದ ಮಾವ ಎಲ್ಲಿ ಹೋದರೋ! ಸಂಜೆಯವರೆಗೂ ಬಡಿಸಿದವರು ಅವರೇ, ಮದುವೆ ಮನೆಯಲ್ಲಿ ಸಾರು ವಿಚಾರಿಸುವವರಂತೆ.

ಸಿಡ್ನಿಗೆ ಬಂದ ಮೇಲೆ ಆ ಹವ್ಯಾಸ ಬಿಟ್ಟುಹೋಗಿತ್ತು. ಇನ್ನೇನು, ವಯಸ್ಸಾಯಿತು ಎಂದುಕೊಂಡಿದ್ದೆ. ಮೊನ್ನೆ ಮನೆಗೆ ಬಂದವಳೇ ಬೆವ್‌ಗೆ ಫೋನ್ ಮಾಡಿದೆ. "ಮುಂದಿನ ತಿಂಗಳು ಮೆಲ್ಬರ್ನಿಗೆ ಬರ್ತಿದ್ದೀನಿ. ಪಾತ್ರೆ ತೊಳೆದಿಡು."

"ನಮ್ಮ ಮೊಣಕಾಲಿಗೆ ಆ ಭಾರ ತಡೆಯುತ್ತೇನೇ?" ಎಂದಳು.

"ತಡೆಯದಿದ್ರೆ ಕೂತ್ಕೊಂಡು ಮಾಡೋಣ," ಎಂದೆ. ಆ ತುದಿಯಲ್ಲಿ ಅವಳು ನಕ್ಕ ಸದ್ದಿಗೆ, ಪಕ್ಕದ ಕೋಣೆಯಿಂದ ನನ್ನ ಗಂಡ ಎದ್ದು ಬಂದರು.