ಮಾವ ಮುಚ್ಚಿಡದ ಮಾತು

ಕಣ್ಣು ಪೂರ್ತಿ ಹೋಗುವ ಮುಂಚಿನ ವರ್ಷಗಳಲ್ಲಿ ಮಾವ ಎದುರಿಗಿದ್ದವರ ಮುಖ ಕಾಣಲು ಅವರ ಕಿವಿಯನ್ನು ದಿಟ್ಟಿಸುತ್ತಿದ್ದರು. "ನೇರ ನೋಡಿದರೆ ನಿನಗೆ ಮೂಗೇ ಇಲ್ಲ ಮಾರಾಯ್ತಿ" ಎಂದು ನಗುತ್ತಿದ್ದರು.

ಅವರು ನನ್ನ ಅಮ್ಮನ ಅಣ್ಣ, ಕಾಪುವಿನಲ್ಲಿ ದೋಣಿ ನಡೆಸುತ್ತಿದ್ದವರು. ನಮ್ಮದು ಅಳಿಯಸಂತಾನದ ಮನೆ; ದೋಣಿ, ಯಜಮಾನಿಕೆ ಎಲ್ಲವೂ ಮಾವನಿಂದ ತಂಗಿಯ ಮಕ್ಕಳಿಗೆ. ನಾನು ಚಿಕ್ಕವಳಿದ್ದಾಗಲೇ ಮಾವನಿಗೆ ಮುಸ್ಸಂಜೆಯಾದರೆ ದೀಪಸ್ತಂಭದ ಬೆಳಕು ಕಾಣುತ್ತಿತ್ತು, ಕಾಲ ಬುಡದ ಹಗ್ಗ ಕಾಣುತ್ತಿರಲಿಲ್ಲ. ಅಮ್ಮ ಮೀನೆಣ್ಣೆ ಕುಡಿಸುತ್ತಿದ್ದರು.

ನಾನು ಮಣಿಪಾಲದಲ್ಲಿ ಓದುತ್ತಿದ್ದಾಗ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಡಾಕ್ಟರು ಬಹಳ ಹೊತ್ತು ಬೆಳಕು ಬಿಟ್ಟು ನೋಡಿದರು. "ಒಳಪದರದ ಅಂಚು ಮೊದಲೇ ಸತ್ತಿದೆ. ಈಗ ನಟ್ಟನಡುವೆ ನೀರು ತುಂಬಿ ಬಾತಿದೆ. ಮುಖ, ಅಕ್ಷರ ಕಾಣುವುದು ಆ ಜಾಗದಿಂದ. ಮನೆಯಲ್ಲಿ ಬೇರೆ ಯಾರಿಗಾದರೂ ಉಂಟಾ?"

"ನನ್ನ ಸೋದರಮಾವನಿಗಿತ್ತು" ಎಂದು ಮಾವ ಹೇಳಿದರು.

"ಹಾಗಾದರೆ ಹೆಂಗಸರ ಮೂಲಕ ದಾಟುವಂಥದ್ದು. ಅವರಿಗೆ ಏನೂ ಆಗದಿರಬಹುದು. ಅವರ ಗಂಡುಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು."

"ಇದಕ್ಕೂ ಅಳಿಯಸಂತಾನವೇ ಅಲ್ವಾ ಡಾಕ್ಟ್ರೇ?" ಎಂದರು ಮಾವ. ನಗಲಿಲ್ಲ.

ಬಸ್ಸಿನಲ್ಲಿ ಅವರು ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದರು ಎಂದು ನೆನಪು. ಇಳಿಯುವಾಗ ಮಾತ್ರ ಹಿಡಿದಿದ್ದರೋ ಏನೋ.

ಮುಂದಿನ ವರ್ಷ ಕಾರ್ಕಳದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಹೆಣ್ಣಿನ ಕಡೆಯ ಮಾತು ಮಾವನದ್ದೇ. ಹೇಳಬೇಡಿ ಎಂದು ನಾನು ಬೇಡಿಕೊಂಡೆನೇ? ಇಲ್ಲವೆಂದೇ ನನ್ನ ನೆನಪು. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಮಾವ ಹುಡುಗನ ತಂದೆಯ ಕಿವಿಯತ್ತ ತಿರುಗಿ ಎಲ್ಲವನ್ನೂ ಹೇಳಿದರು. ಬಂದವರು ಚಹಾ ಅರ್ಧಕ್ಕೇ ಇಟ್ಟು ಎದ್ದರು.

"ಅಣ್ಣ, ನಿಮ್ಮ ಕಣ್ಣು ಹೋದದ್ದು ಸಾಲದಾ? ಇವಳ ಬಾಳೂ ಹೋಗಬೇಕಾ?" ಅಮ್ಮ ಅತ್ತರು.

"ಮುಚ್ಚಿಟ್ಟು ಕೊಟ್ಟರೆ ನಾಳೆ ಮಗು ಎಡವಿದ ದಿನ ಬೈಗುಳ ಇವಳೊಬ್ಬಳಿಗೇ ಉಂಟು" ಎಂದರು ಮಾವ.

ಮತ್ತೆ ಉಡುಪಿಯಿಂದ ಇನ್ನೊಬ್ಬ ವರ ಬಂದರು, ಮೇಷ್ಟ್ರು. ಮಾವ ಅವರಿಗೂ ಹೇಳಿದರು.

"ಹುಡುಗಿಗೆ ಇದು ಗೊತ್ತುಂಟಾ?" ಎಂದಷ್ಟೇ ಅವರು ಕೇಳಿದರು.

"ಗೊತ್ತುಂಟು" ಎಂದೆ. ನಮ್ಮ ಮದುವೆಯಾಯಿತು.

ನನಗೆ ಮಗ ಹುಟ್ಟಿದಾಗ ಮಾವನಿಗೆ ಏನೂ ಕಾಣುತ್ತಿರಲಿಲ್ಲ. ಮಗುವನ್ನು ಮಡಿಲಿಗೆ ಹಾಕಿದರೆ ರೆಪ್ಪೆಗಳನ್ನು ಬೆರಳಿನಿಂದ ಸವರಿದರು. ಯಾರನ್ನು ಹೋಲುತ್ತಾನೆ ಎಂದು ಕೇಳಲಿಲ್ಲ. ಅವನು ನಡೆಯಲು ಕಲಿಯುವ ಮೊದಲೇ ತೀರಿಕೊಂಡರು.

ಮಗನಿಗೆ ಈಗ ಐದು ವರ್ಷ. ಡಾಕ್ಟರು ಇಷ್ಟು ಬೇಗ ಏನೂ ಹೇಳಲಾಗದು ಎನ್ನುತ್ತಾರೆ. ಕತ್ತಲಾಗುತ್ತಾ ಬಂದರೂ ನಮ್ಮ ಮನೆಯಲ್ಲಿ ದೀಪ ಹಾಕುವುದು ತಡ. ಮಗ ಅಂಗಳದಿಂದ ಓಡಿಬಂದು ಹೊಸ್ತಿಲು ದಾಟುವವರೆಗೆ ಸ್ವಿಚ್ಚಿನ ಬಳಿ ನಾನು ನಿಂತಿರುತ್ತೇನೆ, ಬಾಗಿಲ ಬಳಿ ಅವನ ಅಪ್ಪ. ಇಬ್ಬರೂ ನೋಡುವುದು ಅವನ ಕಾಲುಗಳನ್ನೇ.